ನೀರಿಗೆ ಲಾಙ್, ಬೆಂಕಿಗೆ ಮೆ

ಹೋದ ತಿಂಗಳು ಸಿರುಗುಪ್ಪದಲ್ಲಿ ಸಿರಿಗೇರಿಯ ಬಸ್ಸು ಹತ್ತಿ ಕಿಟಕಿಯ ಪಕ್ಕ ಕೂತಿದ್ದೆ. ಸಿರಿಗೇರಿಯ ಪ್ರಾಥಮಿಕ ಶಾಲೆಗೆ ಈಗ ನನಗೆ ವರ್ಗವಾಗಿದೆ. ಊರ ಹೊರಗಿನ ರೈಸ್ ಮಿಲ್ಲುಗಳ ಸಾಲು ಬಂದಾಗ ಭತ್ತ ಕುದಿಸುವ ವಾಸನೆ ಬಿಸಿಬಿಸಿಯಾಗಿ ಮುಖಕ್ಕೆ ಹೊಡೆಯಿತು. ಪಕ್ಕದಲ್ಲಿದ್ದ ಹೆಂಗಸು ಮೂಗರಳಿಸಿ "ಹೆಂಗ ಘಮ್ ಅಂತೈತಿ ನೋಡ್ರಿ" ಎಂದಳು. ನಾನು ಗಾಜು ಎಳೆದುಬಿಟ್ಟೆ. "ಯಾಕ್ರೀ ಟೀಚರ್, ಥಂಡಿ ಹತ್ತೈತೇನು?" ಎಂದು ಕೇಳಿದಳು. ಹೂಂ ಎಂದೆ. ಬಳ್ಳಾರಿ ಸೀಮೆಯಲ್ಲಿ ಬಿಸಿಲೇರಿದ ಹನ್ನೊಂದು ಗಂಟೆಗೆ ಯಾವ ಥಂಡಿ? ನನಗೆ ನಾಚಿಕೆಯಾಗಿತ್ತು. ಆ ವಾಸನೆ ಬಂದಾಗಲೆಲ್ಲ ನನಗೆ ಒಂದು ಸುಗ್ಗಿ ನೆನಪಾಗುತ್ತದೆ, ನೆನಪಾದಾಗಲೆಲ್ಲ ಕಿವಿ ಬಿಸಿಯಾಗುತ್ತದೆ.

ನಮ್ಮವರ ವಿಷಯ ಮೊದಲು ಹೇಳಬೇಕು. ಹೆಸರು ಬಸವರಾಜ. ಕುರುಗೋಡಿನಲ್ಲಿ ನಮ್ಮ ಮನೆ, ಬಳ್ಳಾರಿಯ ಒಂದು ಕಾಲೇಜಿನಲ್ಲಿ ಕನ್ನಡ ಪಾಠ ಹೇಳುವ ಕೆಲಸ. ಆದರೆ ಡಾಕ್ಟರೇಟು ಬಂದದ್ದು ಕನ್ನಡದಿಂದಲ್ಲ, ಅಸ್ಸಾಮಿನ ಬೋಡೋ ಭಾಷೆಯಿಂದ. ಮೈಸೂರಿನಲ್ಲಿ ಓದುವಾಗ ಹಾಸ್ಟೆಲಿನ ಪಕ್ಕದ ಕೋಣೆಯಲ್ಲಿ ಬೋಡೋ ಹುಡುಗನೊಬ್ಬನಿದ್ದನಂತೆ. ಅವನು ಫೋನಿನಲ್ಲಿ ತನ್ನ ಅವ್ವನ ಜೊತೆ ಮಾತಾಡುವುದನ್ನು ಗೋಡೆಯಾಚೆಯಿಂದ ಕೇಳಿ ಕೇಳಿ ಇವರಿಗೆ ಆ ಸದ್ದಿನ ಹುಚ್ಚು ಹಿಡಿಯಿತು. ಆ ಭಾಷೆಯಲ್ಲಿ ಎಷ್ಟು ಸ್ವರ, ಎಷ್ಟು ವ್ಯಂಜನ, ದನಿ ಎಲ್ಲಿ ಏರುತ್ತದೆ, ಎಲ್ಲಿ ಇಳಿಯುತ್ತದೆ ಎನ್ನುವುದನ್ನೇ ವರ್ಷಗಟ್ಟಲೆ ಕೂತು ಬರೆದರು.

ಮದುವೆಯಾದ ಹೊಸದರಲ್ಲಿ ನಾನು ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದರೆ ಇವರು ಬಾಗಿಲಲ್ಲಿ ನಿಂತು ಪಾಠ ಮಾಡುತ್ತಿದ್ದರು. "ತುಟಿ ಇ ಅನ್ನೂ ಹಂಗ ಅಗಲ ಮಾಡು ಗಿರಿಜಾ, ನಾಲಿಗಿ ಉ ಅನ್ನೂ ಜಾಗಾದಾಗ ಇಡು. ಈಗ ಅನ್ನು." ನಾನು ಅನ್ನಲು ಹೋಗಿ ಕೆಮ್ಮುತ್ತಿದ್ದೆ. ಅವರ ಬೋಡೋದಲ್ಲಿ ನೀರು ಎನ್ನುವ ಪದಕ್ಕೇ ಆ ಸ್ವರ ಬೇಕಂತೆ. ಪದದ ಮೊದಲಿಗೆ ನಮ್ಮ ಹಾಗೆ ಕ, ತ, ಪ ಇಲ್ಲವಂತೆ, ಉಸಿರು ಬೆರೆಸಿಯೇ ಅನ್ನಬೇಕಂತೆ. ಒಂದೇ ಪದವನ್ನು ದನಿ ಏರಿಸಿ ಅಂದರೆ ಒಂದು ಅರ್ಥ, ಇಳಿಸಿ ಅಂದರೆ ಇನ್ನೊಂದು. "ಹಂಗಾದ್ರ ಅಲ್ಲಿ ಗಂಡ ಹೆಂಡ್ತಿ ಜಗಳಾ ಹೆಂಗ ಆಡ್ತಾರ? ದನಿ ಏರಿಸಂಗೇ ಇಲ್ಲ!" ಎಂದು ನಾನು ಛೇಡಿಸುತ್ತಿದ್ದೆ. ಪಡಸಾಲೆಯ ಗೋಡೆಗೆ ಒಂದು ವಂಶವೃಕ್ಷದ ಚಿತ್ರ ಅಂಟಿಸಿದ್ದರು. ಮೇಲೆ ಟಿಬೆಟೋ-ಬರ್ಮನ್ ಎಂಬ ಮೂಲ, ಕೆಳಗೆ ಟಿಬೆಟನ್, ಬರ್ಮೀಸ್, ಬೋಡೋ, ಗಾರೋ, ಮಿಜೋ ಎಂದು ಕೊಂಬೆ ಮೇಲೆ ಕೊಂಬೆ. ನಮ್ಮತ್ತೆ ಅದನ್ನು ಬಹಳ ಹೊತ್ತು ನೋಡಿ, "ಇದ್ರಾಗ ನಮ್ಮ ಬೀಗ್ರು ಯಾರದಾರಪಾ?" ಎಂದು ಕೇಳಿದ್ದರು.

ಒಂದು ಮಾತು ಮಾತ್ರ ಮನೆಯೊಳಗಿನದು, ನನಗೊಬ್ಬಳಿಗೇ ಗೊತ್ತಿದ್ದದ್ದು. ಇವರಿಗೆ ಬೋಡೋ ಮಾತಾಡಲು ಬರುವುದಿಲ್ಲ. ಪದ ಗೊತ್ತು, ಸದ್ದು ಗೊತ್ತು, ದನಿಯ ಏರಿಳಿತ ಗೊತ್ತು. "ಊಟ ಆಯ್ತಾ, ಹೇಗಿದ್ದೀರಿ" ದಾಟಿದರೆ ಬಾಯಿ ಕಟ್ಟುತ್ತದೆ. "ಹಾರ್ಮೋನಿಯಂ ರಿಪೇರಿ ಮಾಡಾವಗ ಹಾಡು ಬರಬೇಕಂತ ಎಲ್ಲೈತಿ?" ಎನ್ನುತ್ತಿದ್ದರು. ನ್ಯಾಯವಾದ ಮಾತೇ. ಆದರೆ ಊರಲ್ಲಿ ಅದನ್ನು ಯಾರ ಮುಂದೆಯೂ ಹೇಳಿರಲಿಲ್ಲ. "ನನ್ನ ಮಗ ಅಸ್ಸಾಮಿನ ಭಾಷಾದಾಗ ಡಾಕ್ಟರು" ಎಂದು ಅತ್ತೆ ಓಣಿಯಲ್ಲಿ ಹೇಳಿಕೊಂಡು ಬಂದಾಗ ಇವರು ಸುಮ್ಮನೆ ಮೀಸೆಯಲ್ಲಿ ನಗುತ್ತಿದ್ದರು, ನಾನೂ ಸುಮ್ಮನಿರುತ್ತಿದ್ದೆ.

ಆ ವರ್ಷ ಮಳೆ ಚೆನ್ನಾಗಿತ್ತು, ಕಾಲುವೆಯ ನೀರು ನಿಂತುಹೋಗಿರಲಿಲ್ಲ. ಸುಗ್ಗಿ ಹೊತ್ತಿಗೆ ಸಿರುಗುಪ್ಪದ ರಸ್ತೆಯ ತುಂಬ ಭತ್ತದ ಟ್ರ್ಯಾಕ್ಟರುಗಳು. ಬೆಳಿಗ್ಗೆ ಮಂಜು, ಮಂಜು ಕರಗಿದ ಮೇಲೆ ಹೊಟ್ಟಿನ ಧೂಳು, ಮಧ್ಯಾಹ್ನಕ್ಕೆ ಎಂದಿನ ಬಿಸಿಲು. ಒಂದು ಭಾನುವಾರ ಬೆಳಿಗ್ಗೆ ನನ್ನ ಚಿಕ್ಕಮ್ಮನ ಮಗ ಈರೇಶನ ಫೋನು ಬಂತು. ಅವನು ಅಲ್ಲಿನ ಒಂದು ಮಿಲ್ಲಿನಲ್ಲಿ ಲೆಕ್ಕ ಬರೆಯುವ ರೈಟರ್.

"ಯಕ್ಕಾ, ಮಾವಾಗ ಲಗೂನ ಕರ್ಕೊಂಡ್ ಬಾ. ಇಲ್ಲೊಂದು ಮುದುಕಿ ಜೀವಾ ಬಿಡೂ ಹಂಗ ಕುಂತೈತಿ" ಎಂದ.

ಸಂಗತಿ ಇಷ್ಟು. ಮಿಲ್ಲಿನಲ್ಲಿ ಚೀಲ ಹೊರಲು ಅಸ್ಸಾಮಿನ ಬಿರೇನ್ ಎಂಬುವನಿದ್ದ, ನಲವತ್ತರ ಆಸುಪಾಸಿನವನು. ಊರಲ್ಲಿ ನೋಡಿಕೊಳ್ಳುವವರಿಲ್ಲ ಎಂದು ಮುದಿ ತಾಯಿಯನ್ನೂ ಕರೆತಂದಿದ್ದ. ಹಿಂದಿನ ದಿನ ಒಟ್ಟಿದ ಚೀಲಗಳ ಮೇಲಿಂದ ಜಾರಿ ಬಿದ್ದು ತಲೆಗೆ ಪೆಟ್ಟಾಗಿತ್ತು. ಎಚ್ಚರ ತಪ್ಪಿದವನನ್ನು ಹೊಟ್ಟಿನ ಧೂಳು ಬೀಳದಿರಲೆಂದು ಮುಖದವರೆಗೆ ಚಾದರ ಹೊದಿಸಿ ಗಾಡಿಯಲ್ಲಿ ಬಳ್ಳಾರಿಯ ದೊಡ್ಡಾಸ್ಪತ್ರೆಗೆ ಒಯ್ದರು. ಜೀವಕ್ಕೆ ಅಪಾಯವಿಲ್ಲ, ಎಚ್ಚರಾಗಲು ಸಮಯ ಬೇಕು ಎಂದು ವೈದ್ಯರು ಹೇಳಿದ್ದರು. ಅದನ್ನು ಆ ತಾಯಿಗೆ ಹೇಳುವುದು ಹೇಗೆ? ಆಕೆಗೆ ಹಿಂದಿ ಬಾರದು, ಅಸ್ಸಾಮಿ ಬಾರದು, ತನ್ನ ಮಾತೊಂದೇ. ಅವರ ಕಡೆಯ ಉಳಿದ ಹಮಾಲರು ಹಿಂದಿನ ವಾರವಷ್ಟೇ ಊರಿಗೆ ಹೋಗಿದ್ದರು, ಫೋನು ಹತ್ತುತ್ತಿರಲಿಲ್ಲ. ಬಿರೇನನ ಫೋನು ಬಿದ್ದಾಗಲೇ ಪುಡಿಯಾಗಿತ್ತು. ಈರೇಶ ಬುದ್ಧಿ ಓಡಿಸಿ ಆಸ್ಪತ್ರೆಯಿಂದ ಬಿರೇನನ ಫೋಟೋ ತರಿಸಿ ತೋರಿಸಿದ್ದ. ಕಣ್ಣು ಮುಚ್ಚಿ ಬಿಳಿ ಬಟ್ಟೆ ಸುತ್ತಿಸಿಕೊಂಡು ಮಲಗಿದ ಮಗನನ್ನು ನೋಡಿ ಅಜ್ಜಿ ಕಿರುಚಿಕೊಂಡಳಂತೆ. ಆಗಿನಿಂದ ನೀರೂ ಮುಟ್ಟಿಲ್ಲ, ಗಾಡಿ ಹತ್ತು ಎಂದರೆ ಹತ್ತುವುದಿಲ್ಲ.

"ಬಿರೇನ್ ಬದುಕ್ಯಾನ, ಬಾ, ಅವನ ಹತ್ರ ಹೋಗೂಣು. ಇಷ್ಟ ಮಾತು ಹೇಳಿದ್ರ ಸಾಕಕ್ಕಾ" ಎಂದ ಈರೇಶ.

ಫೋನಿಟ್ಟು ಇವರ ಮುಖ ನೋಡಿದೆ. "ಬೋಡೋನೇ ಇರತೈತಿ" ಎಂದರು ಇವರು, ರೆಕಾರ್ಡರಿನ ಚೀಲ ಹೆಗಲಿಗೆ ಹಾಕಿಕೊಳ್ಳುತ್ತ. "ಬದುಕ್ಯಾನ ಅನ್ನೂದು ಹೇಳಾಕ ಬರತೈತೇನ್ರಿ?" ಎಂದು ಕೇಳಿದೆ. "ದಾರ್‍ಯಾಗ ನೆನಪು ಮಾಡ್ಕೊಂತೀನಿ" ಎಂದರು. ಬೈಕಿನಲ್ಲಿ ಅವರ ಹಿಂದೆ ಕೂತು ಸಿರುಗುಪ್ಪದವರೆಗೂ ಅವರು ಏನೇನೋ ಗುನುಗುತ್ತಿದ್ದುದನ್ನು ಕೇಳಿದೆ. ನನಗೆ ಹೆಮ್ಮೆಯೇ ಆಗಿತ್ತು. ಕೊನೆಗೂ ಇವರ ವಿದ್ಯೆ ಒಬ್ಬರ ಕೆಲಸಕ್ಕೆ ಬರುತ್ತದಲ್ಲ ಎಂದುಕೊಂಡೆ.

ಮಿಲ್ಲಿನ ಗೇಟಿನ ಒಳಗೆ ಖಾಲಿ ಚೀಲದ ಮೇಲೆ ಅಜ್ಜಿ ಕೂತಿದ್ದಳು. ಚಿಕ್ಕ ಆಳು, ಸೊಂಟಕ್ಕೆ ಪಟ್ಟೆಪಟ್ಟೆಯ ನೇಯ್ದ ಬಟ್ಟೆ, ಹಣೆಯಿಂದ ಗದ್ದದವರೆಗೆ ಹಚ್ಚೆಯ ಒಂದು ನೀಲಿ ಗೆರೆ. ಸುತ್ತ ಹಮಾಲರು, ಹೊಟ್ಟು ಬಳಿಯುವ ಹೆಂಗಸರು, ಗಾಡಿಯವರು ನೆರೆದಿದ್ದರು. "ದಾರಿ ಬಿಡ್ರಲೇ, ಡಾಕ್ಟ್ರು ಬಂದ್ರು, ಈಕಿ ಭಾಷಾ ಬಲ್ಲೋರು" ಎಂದು ಈರೇಶ ಕೂಗಿದ. ಜನ ಸರಿದು ನಿಂತರು. ಇವರು ಹೋಗಿ ಅಜ್ಜಿಯ ಎದುರಿಗೆ ಚಕ್ಕಳಮಕ್ಕಳ ಹಾಕಿ ಕೂತು, ದಾರಿಯುದ್ದಕ್ಕೂ ಗುನುಗಿದ್ದ ಮಾತನ್ನು ಹೇಳಿದರು.

ಅಜ್ಜಿ ಇವರ ಬಾಯಿಯನ್ನೇ ನೋಡಿದಳು. ಏನೂ ಅರ್ಥವಾಗಲಿಲ್ಲ ಎಂಬುದು ನನಗೇ ತಿಳಿಯಿತು. ಇವರು ಪಕ್ಕದಲ್ಲಿದ್ದ ನೀರಿನ ಚೊಂಬು ಮುಟ್ಟಿ ತೋರಿಸಿದರು. ಅಜ್ಜಿ ಅಂದಳು, "ಲಾಙ್."

ಅಡುಗೆಮನೆಯಲ್ಲಿ ನೂರು ಸಲ ಕೇಳಿದ ಬೋಡೋದ ನೀರು ಅದಲ್ಲ. ಇವರ ಮುಖ ಒಂದು ಗಳಿಗೆ ಬಿಳಿಚಿಕೊಂಡಿತು. ಆಗಲೇ ಎದ್ದು, ಇದು ನನಗೆ ಗೊತ್ತಿರುವ ಭಾಷೆ ಅಲ್ಲಪ್ಪಾ ಎಂದಿದ್ದರೆ ಈ ಬರಹವೇ ಇರುತ್ತಿರಲಿಲ್ಲ. ಸುತ್ತ ಅಷ್ಟು ಜನ. ಈರೇಶ ಸೊಂಟಕ್ಕೆ ಕೈಯಿಟ್ಟು ನಿಂತಿದ್ದ. ಇವರು ಎಲ್ಲ ಬಿಟ್ಟು ಒಲೆಯ ಕಡೆ ಬೆರಳು ಮಾಡಿದರು. "ಮೆ" ಎಂದಳು ಅಜ್ಜಿ. ತಮ್ಮ ಕೈ ತೋರಿಸಿದರು, ಕಣ್ಣು ತೋರಿಸಿದರು, ಸೂರ್ಯನ ಕಡೆ ತೋರಿಸಿದರು. ಅಜ್ಜಿ ಒಂದೊಂದಕ್ಕೂ ಉತ್ತರ ಕೊಟ್ಟಳು, ಇವರು ಜೇಬಿನಿಂದ ಪೆನ್ನು ತೆಗೆದು ಹಾಳೆಯ ಮೇಲೆ ಬರೆದರು. ಗೊತ್ತಿಲ್ಲದ ಭಾಷೆ ಸಿಕ್ಕರೆ ಇವರ ಕಸುಬಿನವರು ಮಾಡುವುದೇ ಹಾಗೆ. ನೀರು, ಬೆಂಕಿ, ಕೈ, ಕಣ್ಣು ಎಂದು ಶುರುಮಾಡಿ, ಆ ಪದಗಳು ಯಾವ ಕೊಂಬೆಯವು ಎಂದು ಹುಡುಕುವುದು. ಅದು ನನಗೆ ಗೊತ್ತಿತ್ತು, ಜನಕ್ಕೆ ಗೊತ್ತಿರಲಿಲ್ಲ. "ನೋಡ್ರಲೇ, ನಮ್ಮ ಮಾವ ಹೆಂಗ ಮಾತಾಡಾಕತ್ಯಾನ!" ಎಂದ ಈರೇಶ. ಅಜ್ಜಿಗೂ ಗೊತ್ತಿರಲಿಲ್ಲ. ಈ ಮನುಷ್ಯ ಮಗನ ಸುದ್ದಿ ತಂದಿದ್ದಾನೆ, ಮೊದಲು ಇವನು ಕೇಳಿದ್ದಕ್ಕೆಲ್ಲ ಸರಿಯಾಗಿ ಉತ್ತರ ಕೊಡಬೇಕು ಎಂದುಕೊಂಡು, ಪರೀಕ್ಷೆಗೆ ಕೂತ ಮಗುವಿನಂತೆ ಬೆನ್ನು ನೆಟ್ಟಗೆ ಮಾಡಿ ಒಂದೊಂದೇ ಹೆಸರು ಹೇಳುತ್ತಿದ್ದಳು. ನನಗೆ ಅಲ್ಲಿಂದ ಓಡಿಹೋಗಬೇಕು ಅನ್ನಿಸಿತು.

ನಾನು ಬಗ್ಗಿ ಇವರ ಕಿವಿಯಲ್ಲಿ "ಏನ್ ಹಚ್ಚೀರಿ ಇದು?" ಎಂದೆ.

"ಗಿರಿಜಾ, ಇದು ಕಾರ್ಬಿ ಇರಬೇಕು, ಅಸ್ಸಾಮಿನ ಗುಡ್ಡದ ಮಂದಿ ಭಾಷಾ" ಎಂದರು. ಕಣ್ಣಲ್ಲಿ ಆ ಹಾಳು ಹೊಳಪು. "ದನಿಯಾಗ ಮೂರು ಮಟ್ಟ ಅದಾವು, ಕೇಳಿದ್ಯಾ? ಇದು ಯಾವ ಕೊಂಬಿಗೆ ಸೇರತೈತಿ ಅಂತ ಇನ್ನೂ ಪಂಡಿತರಾಗ ಜಗಳ ಐತಿ."

"ಜಗಳಾ ಆಮ್ಯಾಲ ಬಗೀಹರಿಸ್ರಿ. ನಿಮಗ ಮಾತಾಡಾಕ ಬರತೈತೋ ಇಲ್ಲೋ?"

ಅವರು ಉತ್ತರ ಕೊಡುವ ಮೊದಲೇ ಅಜ್ಜಿ ಇವರ ಮಣಿಕಟ್ಟು ಹಿಡಿದಳು. ಹಿಡಿದು ಒಂದು ಮಾತು ಕೇಳಿದಳು. ಉದ್ದನೆಯ ಮಾತಲ್ಲ, ಒಂದೇ ಉಸಿರಿನದು. ಇವರು ಬೆರಳೆತ್ತಿ, ಇನ್ನೊಂದು ಸಲ ಎಂದು ಸನ್ನೆ ಮಾಡಿದರು. ಅಜ್ಜಿ ಇನ್ನೊಂದು ಸಲ ಕೇಳಿದಳು. ಇವರ ಪೆನ್ನು ಹಾಳೆಯ ಮೇಲೆ ಏರುವ ಗೆರೆ, ಇಳಿಯುವ ಗೆರೆ ಎಳೆಯಿತು. ಮತ್ತೆ ಬೆರಳೆತ್ತಿದರು. ಒಂದು ಮಾತನ್ನು ಮೂರು ಸಲ ಅನ್ನಿಸಿಕೊಳ್ಳುವುದು ಇವರ ರೂಢಿ. ಮೂರನೆಯ ಸಲ ಅಜ್ಜಿಯ ದನಿ ಒಡೆಯಿತು, ಕೆನ್ನೆಯ ಮೇಲೆ ನೀರು ಇಳಿಯಿತು. ಪೆನ್ನು ಆಗಲೂ ನಿಲ್ಲಲಿಲ್ಲ. ನಾನು ಇವರ ಭುಜವನ್ನು ಉಗುರು ನಾಟುವಂತೆ ಹಿಂಡಿದೆ. ಆಗ ತಲೆಯೆತ್ತಿ ಅಜ್ಜಿಯ ಮುಖ ನೋಡಿದರು. ನೋಡಿದವರೇ ಮತ್ತೆ ತಲೆ ತಗ್ಗಿಸಿಬಿಟ್ಟರು. ಅಜ್ಜಿ ನಿಧಾನವಾಗಿ ಮಣಿಕಟ್ಟು ಬಿಟ್ಟಳು.

"ಏನಂದ್ಲು ಮಾವಾ?" ಎಂದು ಈರೇಶ ಕೇಳಿದ.

"ದಣದಾಳ. ಸ್ವಲ್ಪ ಹೊತ್ತು ಬಿಡ್ರಿ" ಎಂದರು ನಮ್ಮವರು.

ಅವರನ್ನು ಹೊಟ್ಟಿನ ರಾಶಿಯ ಹಿಂದಕ್ಕೆ ಎಳೆದುಕೊಂಡು ಹೋಗಿ ಬಾಯಿಗೆ ಬಂದದ್ದೆಲ್ಲ ಅಂದೆ. "ಮನುಷ್ಯಾರೇನ್ರಿ ನೀವು? ಆಕಿ ಅಳಾಕತ್ತಾಳ, ನೀವು ಗೆರಿ ಎಳ್ಯಾಕತ್ತೀರಿ! ನನಗ ಬರಂಗಿಲ್ಲ ಅಂತ ಅನ್ನಾಕ ನಿಮ್ಮ ಗಂಟೇನ್ ಹೋಗತಿತ್ತು?" ಇವರು ಚಪ್ಪಲಿಯ ತುದಿಯಿಂದ ಹೊಟ್ಟು ಕೆದಕುತ್ತ ನಿಂತರು. "ಇಷ್ಟ್ ಮಂದಿ ಮುಂದ..." ಎಂದರು. ನನಗೆ ಇನ್ನೂ ಸಿಟ್ಟು ಬಂತು. ಕಟ್ಟಿಕೊಂಡ ಗಂಡನನ್ನು ನೋಡಿ ಅಷ್ಟು ನಾಚಿಕೆ ನನಗೆ ಎಂದೂ ಆಗಿರಲಿಲ್ಲ. ಆದರೆ ಆ ಜನರ ಮುಂದೆ ನಿಂತು ಹೇಳಲು ನನಗೂ ಬಾಯಿ ಬರಲಿಲ್ಲ. ಗಂಡನ ಮರ್ಯಾದೆ ಎಂದು ನನ್ನಷ್ಟಕ್ಕೆ ನಾನು ನೆಪ ಮಾಡಿಕೊಂಡೆ.

ಅಷ್ಟರಲ್ಲಿ ಮಿಲ್ಲಿನ ಸಾಹುಕಾರರು ಇನ್ನೊಂದು ಯೋಚನೆ ಮಾಡಿದ್ದರು. ಚಳಿಗಾಲದಲ್ಲಿ ಬಳ್ಳಾರಿಗೆ ಸ್ವೆಟರ್ ಮಾರಲು ಮುಂಡಗೋಡದಿಂದ ಟಿಬೆಟಿನವರು ಬರುತ್ತಾರಲ್ಲ, ಅವರಲ್ಲಿ ಒಬ್ಬರನ್ನು ಕರೆಸೋಣ, ಮುಖ ಒಂದೇ ಥರ ಇದೆ, ಮಾತೂ ಒಂದೇ ಇದ್ದೀತು ಎಂದು. ಬೆಳಿಗ್ಗೆಯೇ ಕಾರು ಕಳಿಸಿದ್ದರು. ಮಧ್ಯಾಹ್ನದ ಹೊತ್ತಿಗೆ ಕಾರಿನಿಂದ ಒಬ್ಬ ಹೆಂಗಸು ಇಳಿದಳು. ಡೋಲ್ಮಾ ಅಂತ ಹೆಸರು, ನನ್ನದೇ ವಯಸ್ಸು. ಇಳಿದವಳೇ ಅಜ್ಜಿಯ ಮಾತನ್ನು ಕೇಳಿಸಿಕೊಂಡು, ಎಲ್ಲರ ಮುಂದೆ ಜೋರಾಗಿ ಹೇಳಿಬಿಟ್ಟಳು:

"ಇಲ್ರೀ ಸಾಹುಕಾರ್ರ, ನನಗ ಒಂದಕ್ಷರ ತಿಳೀವಲ್ದು. ಮಾರಿ ಒಂದ ನಮೂನಿ ಇದ್ರ ಮಾತೂ ಒಂದ ಇರತೈತೇನ್ರಿ? ನಿಮಗ ಪಂಜಾಬಿ ತಿಳೀತೈತೇನು?"

ಸಾಹುಕಾರರು ಕೆಮ್ಮಿದರು. ಡೋಲ್ಮಾ ಹಾಗೇ ವಾಪಸು ಹೋಗಲಿಲ್ಲ. ಅಜ್ಜಿಯ ಪಕ್ಕ ಕೂತಳು. ಅಜ್ಜಿ ಒಲೆಯ ಕಡೆ ಕೈ ಮಾಡಿ ಏನೋ ಅಂದಾಗ ಡೋಲ್ಮಾ ತಟ್ಟನೆ ತಿರುಗಿ, "ಬೆಂಕಿಗೆ ನಾವೂ ಮೆ ಅಂತೀವ್ರಿ!" ಎಂದಳು. ಜನರೆಲ್ಲ ಹೋ ಎಂದರು. ನಮ್ಮವರ ಕಣ್ಣು ಮತ್ತೆ ಅರಳಿತು. ಗೋಡೆಯ ಮೇಲಿನ ವಂಶವೃಕ್ಷ ಅವರ ಕಣ್ಣ ಮುಂದೆ ಬಂದಿರಬೇಕು. ನಾನು ಗುರಾಯಿಸಿದೆ, ಸುಮ್ಮನಾದರು. "ಹಂಗಾರ ತಿಳೀತೈತಿ ನಿಮಗ" ಎಂದ ಈರೇಶ ಆಸೆಯಿಂದ. "ಬೆಂಕಿ ಒಂದ ತಿಳದ್ರ ಈಕಿಗೆ ಏನ್ ಹೇಳ್ಲೋ ತಮ್ಮಾ? ಹಿಂದಕ ಎಂದೋ ಅಕ್ಕತಂಗೇರು ಇದ್ದಿರಬೇಕು, ಈಗ ಗುರ್ತು ಉಳದಿಲ್ಲ" ಎಂದಳು ಡೋಲ್ಮಾ.

ಹೋಗುವ ಮುಂಚೆ ಅವಳೇ ಒಂದು ಮಾತು ಹೇಳಿದಳು. "ನಮ್ಮವ್ವ ಮುಂಡಗೋಡದಾಗ ಅದಾಳ್ರಿ. ಫೋನ್‌ದಾಗ ನಾ ಬರೇ ಕೆಮ್ಮಿದ್ರ ಸಾಕು, ನಾನ ಅಂತ ಗುರ್ತು ಹಿಡೀತಾಳ. ಈಕಿಗೆ ಫೋಟೋ ತೋರಿಸಬ್ಯಾಡ್ರಿ, ಮಗನ ದನಿ ಕೇಳಸ್ರಿ."

ನಮ್ಮವರು ರೆಕಾರ್ಡರಿನ ಚೀಲ ಎತ್ತಿಕೊಂಡು ಎದ್ದು ನಿಂತರು. "ಈರೇಶಾ, ನನಗ ಈ ಭಾಷಾ ಬರಂಗಿಲ್ಲೋ" ಎಂದರು, ಎಲ್ಲರಿಗೂ ಕೇಳುವ ಹಾಗೆ. ಕೊನೆಗೂ ಅಂದರು. ಆದರೆ ಈರೇಶ ನಕ್ಕುಬಿಟ್ಟ. "ದೊಡ್ಡೋರು ಹಂಗ ಅಂತಾರ ಬಿಡು ಮಾವಾ, ಅಷ್ಟೊತ್ತು ಆಕಿ ಕೂಡ ಮಾತಾಡಿ!" ಉಳಿದವರೂ ತಲೆದೂಗಿದರು. ಇವರು ಡೋಲ್ಮಾಳ ಜೊತೆ ಅದೇ ಕಾರಿನಲ್ಲಿ ಬಳ್ಳಾರಿಗೆ ಹೋದರು. ನಾನು ಮರುದಿನಕ್ಕೆ ರಜೆ ಹೇಳಿ ಅಜ್ಜಿಯ ಜೊತೆ ಉಳಿದೆ.

ಸಂಜೆ ಹೊತ್ತು ಮುಳುಗುವಾಗ ಅಜ್ಜಿ ತಾನಾಗಿ ಎದ್ದಳು. ನಲ್ಲಿಯ ಹತ್ತಿರ ಹೋಗಿ ಮುಖ ತೊಳೆದು, ತಲೆಗೂದಲು ಬಿಚ್ಚಿಕೊಂಡು ಬಂದಳು. ತನ್ನ ಒಲೆಯ ಮೇಲೆ ಒಂದು ಹಿಡಿ ಅಕ್ಕಿ ಬೇಯಿಸಿದಳು. ಮಿಲ್ಲಿನ ಹಿಂದಿನ ಬಾಳೆಯಿಂದ ಒಂದು ತುಂಡು ಎಲೆ ಹರಿದು ತಂದು, ಅನ್ನ ಬಡಿಸಿ ಎದುರಿಗಿಟ್ಟುಕೊಂಡು ಕೂತಳು. ನನ್ನ ಎದೆಯ ಮೇಲಿನ ಕಲ್ಲು ಇಳಿದಂತಾಯಿತು. "ಈರೇಶಾ, ಊಟಕ್ಕ ಕುಂತಾಳ, ಸಮಾಧಾನ ಆಗೈತಿ" ಎಂದು ಕೂಗಿ ಹೇಳಿದೆ. ಅಜ್ಜಿ ಎಲೆಯ ಮುಂದೆ ಕೂತು ಸಣ್ಣ ದನಿಯಲ್ಲಿ ಹಾಡತೊಡಗಿದಳು. ಎಂಥ ಹಾಡು! ಒಂದೇ ಸಾಲು ಮತ್ತೆ ಮತ್ತೆ ಬಂದು, ಪ್ರತಿ ಸಲವೂ ಕೊನೆಯಲ್ಲಿ ಸ್ವಲ್ಪ ಬೇರೆಯಾಗಿ ಇಳಿಯುತ್ತಿತ್ತು. ಜೋಗುಳವಿರಬೇಕು, ಮಗನ ನೆನಪಿಗೆ ಹಾಡುತ್ತಿದ್ದಾಳೆ ಎಂದುಕೊಂಡೆ. ಎದುರಿಗೆ ಕೂತು ತಲೆದೂಗಿದೆ, ತೊಡೆಯ ಮೇಲೆ ಮೆಲ್ಲಗೆ ತಾಳವನ್ನೂ ಹಾಕಿದೆ. ಅವಳು ನನ್ನ ಕಡೆ ನೋಡಿದಾಗ ನಕ್ಕೆ. ಫೋನಿನಲ್ಲಿ ಸ್ವಲ್ಪ ಹಿಡಿದು ಇವರಿಗೆ ಕಳಿಸಿ, "ಎಷ್ಟ್ ಚಂದ ಹಾಡಾಕತ್ತಾಳ ಕೇಳ್ರಿ" ಎಂದು ಬರೆದೆ. "ಪೂರ್ತಿ ರೆಕಾರ್ಡ್ ಮಾಡು" ಎಂದು ಉತ್ತರ ಬಂತು. ಪೂರ್ತಿ ಮಾಡಿದೆ. ಅನ್ನವನ್ನು ಅವಳು ಉಣ್ಣಲಿಲ್ಲ. ದುಃಖಕ್ಕೆ ಗಂಟಲಲ್ಲಿ ಇಳಿಯುತ್ತಿಲ್ಲ, ಬೆಳಿಗ್ಗೆ ಉಣ್ಣುತ್ತಾಳೆ ಎಂದು ನನಗೆ ನಾನೇ ಹೇಳಿಕೊಂಡೆ.

ಮರುದಿನ ಬೆಳಿಗ್ಗೆ ಮಂಜು ಇನ್ನೂ ಕರಗಿರಲಿಲ್ಲ, ಫೋನಿಗೆ ಇವರಿಂದ ಒಂದು ಧ್ವನಿಮುದ್ರಣ ಬಂತು. ಇವರು ಬಿರೇನನ ಹಾಸಿಗೆಯ ಪಕ್ಕ, ನರ್ಸುಗಳ ಕೈಲಿ ಬೈಸಿಕೊಂಡು, ಮೈಕು ಹಿಡಿದೇ ಕೂತಿದ್ದರಂತೆ. ಎಚ್ಚರವೂ ಅಲ್ಲದ ನಿದ್ದೆಯೂ ಅಲ್ಲದ ಹೊತ್ತಿನಲ್ಲಿ ಬಿರೇನ್ ಬಾಯಿಬಿಟ್ಟಿದ್ದ. ಅದರಲ್ಲಿ ಇದ್ದದ್ದು ಒಂದು ಕೆಮ್ಮು, ಒಂದು ನರಳಿಕೆ, ಆಮೇಲೆ ಯಾರನ್ನೋ ಕರೆದಂತೆ ಒಂದು ಚಿಕ್ಕ ಮಾತು. ಇವರ ದನಿ ಎಲ್ಲೂ ಇರಲಿಲ್ಲ.

ಫೋನು ಕಂಡು ಅಜ್ಜಿ ಮುಖ ತಿರುಗಿಸಿದಳು. ಆ ಫೋಟೋ ನೆನಪಾಗಿರಬೇಕು. ನಾನು ಅವಳ ಕಿವಿಯ ಹತ್ತಿರ ಹಿಡಿದೆ. ಕೆಮ್ಮು ಕೇಳಿತು. ಅಜ್ಜಿ ತಟ್ಟನೆ ಇತ್ತ ತಿರುಗಿದಳು. ಆ ಚಿಕ್ಕ ಮಾತು ಕೇಳಿದಾಗ ಫೋನನ್ನು ಎರಡೂ ಕೈಯಲ್ಲಿ ಕಸಿದುಕೊಂಡು, ಅದರ ಹಿಂದೆ ಮುಂದೆ ನೋಡಿ, ನನ್ನ ಮುಖ ನೋಡಿ, ಮತ್ತೆ ಕಿವಿಗೆ ಒತ್ತಿಕೊಂಡಳು. ನಾನು ಮತ್ತೆ ಮತ್ತೆ ಹಾಕಿದೆ. ಇದ್ದಕ್ಕಿದ್ದಂತೆ ಎದ್ದು ಹೋಗಿ, ರಾತ್ರಿಯಿಡೀ ಹಾಗೇ ಇದ್ದ ಆ ಎಲೆಯನ್ನು ಅನ್ನದ ಸಮೇತ ಎತ್ತಿ, ಕಾಂಪೌಂಡಿನಾಚೆ ತನ್ನ ಶಕ್ತಿಯೆಲ್ಲ ಹಾಕಿ ಬೀಸಿ ಎಸೆದಳು. ಕೈ ತಿಕ್ಕಿ ತಿಕ್ಕಿ ತೊಳೆದಳು. ಹೀಗೇಕೆ ಮಾಡುತ್ತಾಳೆಂದು ನನಗೆ ಹೊಳೆಯಲಿಲ್ಲ. ಆಮೇಲೆ ನನಗಿಂತ ಮುಂದೆ ನಡೆದು ಸಾಹುಕಾರರ ಕಾರಿನಲ್ಲಿ ಕೂತಳು. ಬಳ್ಳಾರಿ ಬರುವವರೆಗೂ ನನ್ನ ಕೈ ಬಿಡಲಿಲ್ಲ.

ಆಸ್ಪತ್ರೆಯಲ್ಲಿ ಅವಳು ಮಗನ ಎದೆಯ ಮೇಲೆ ಅಂಗೈ ಇಟ್ಟು, ಅದು ಏರಿ ಇಳಿಯುವುದನ್ನು ನೋಡುತ್ತ ನಿಂತಳು. ನಮ್ಮವರು ಒಳಗೆ ಬರದೆ ಬಾಗಿಲಲ್ಲೇ ಇದ್ದರು, ಕಣ್ಣು ಕೆಂಪಗಾಗಿದ್ದವು. ನನ್ನ ಸಿಟ್ಟು ಅರ್ಧ ಇಳಿಯಿತು. ಊರಲ್ಲಿ ಮಾತ್ರ ಸುದ್ದಿ ಬೇರೆಯೇ ಹಬ್ಬಿತು. ಡಾಕ್ಟರು ಮುದುಕಿಯ ಭಾಷೆಯಲ್ಲೇ ಮಾತಾಡಿ ಅವಳನ್ನು ಎಬ್ಬಿಸಿದರು ಎಂದು ಈರೇಶ ಸಿಕ್ಕಸಿಕ್ಕವರಿಗೆ ಹೇಳಿದ. ಸಾಹುಕಾರರು ಶಾಲು ಹೊದಿಸಲು ಮನೆಗೇ ಬಂದರು. ಇವರು ಹಿತ್ತಲ ಬಾಗಿಲಿಂದ ಎದ್ದು ಹೋದರು. ಶಾಲು ತೆಗೆದುಕೊಂಡದ್ದು ಅತ್ತೆ.

ಬಿರೇನನಿಗೆ ಪೂರ್ತಿ ಎಚ್ಚರವಾದ ಮೇಲೆ ಒಂದು ದಿನ ಬುತ್ತಿ ಕಟ್ಟಿಕೊಂಡು ಇಬ್ಬರೂ ಆಸ್ಪತ್ರೆಗೆ ಹೋದೆವು. ಅವನಿಗೆ ಹಿಂದಿ ಚೆನ್ನಾಗಿ ಬರುತ್ತಿತ್ತು. ಅವರು ಕಾರ್ಬಿಗಳೇ ಎಂದು ಅವನೇ ಹೇಳಿದ. ನಮ್ಮವರು ಸ್ಟೂಲಿನ ಮೇಲೆ ಕೂತು, "ನಿಮ್ಮ ತಾಯಿಗೆ ಹೇಳಿ. ನನಗೆ ಅವರ ಭಾಷೆ ಬರುವುದಿಲ್ಲ. ಅವತ್ತು ಬರುವವನ ಹಾಗೆ ಕೂತೆ. ತಪ್ಪಾಯಿತು" ಎಂದರು. ಬಿರೇನ್ ತಾಯಿಗೆ ಹೇಳಿದ. ಅಜ್ಜಿ ಇವರನ್ನು ನೋಡುತ್ತ ಒಂದೊಂದೇ ಮಾತು ಹೇಳಿದಳು. ಅವನು ಹಿಂದಿಯಲ್ಲಿ ನಮಗೆ ಹೇಳುತ್ತ ಹೋದ.

"ನನ್ನ ಮಗ ಇದ್ದಾನೋ ಹೋದನೋ ಅಂತ ಇವರನ್ನು ಮೂರು ಸಲ ಕೇಳಿದೆ ಅಂತಾಳೆ. ಮೂರೂ ಸಲ ಕೇಳಿಸಿಕೊಂಡು, ಬರೆದುಕೊಂಡು, ಕೊನೆಗೆ ತಲೆ ತಗ್ಗಿಸಿದರು. ಒಳ್ಳೆಯ ಮನುಷ್ಯ, ಸಾವಿನ ಮಾತು ಅವರ ಬಾಯಿಂದ ಹೊರಡಲಿಲ್ಲ ಅಂದುಕೊಂಡಳಂತೆ. ಫೋಟೋ ನೋಡಿದ ಮೇಲೂ ಸ್ವಲ್ಪ ಆಸೆ ಇತ್ತು, ಇವರನ್ನು ನೋಡಿದ ಮೇಲೆ ಹೋಯಿತು ಅಂತಾಳೆ."

ನಮ್ಮವರು ಎರಡೂ ಕೈಯಿಂದ ಮುಖ ಮುಚ್ಚಿಕೊಂಡರು. ನಾನು ಅವರನ್ನು ನೋಡುತ್ತ, ಆಗಬೇಕಾದದ್ದೇ ಎಂದುಕೊಂಡೆ. ಅಷ್ಟರಲ್ಲಿ ಅಜ್ಜಿ ನನ್ನ ಕಡೆ ಕೈ ಮಾಡಿ ಮತ್ತೇನೋ ಹೇಳಿದಳು. ಬಿರೇನ್ ಅದನ್ನೂ ಹಿಂದಿಯಲ್ಲಿ ಹೇಳಿದ.

"ಅವತ್ತು ಸಂಜೆ ನನಗೆ ಎಡೆ ಇಟ್ಟಳಂತೆ. ನಮ್ಮಲ್ಲಿ ಸತ್ತವರಿಗೆ ಹಾಗೆ ಅನ್ನ ಇಟ್ಟು ಹಾಡುತ್ತೇವೆ, ದಾರಿ ತೋರಿಸುವ ಹಾಡು. ನೀವು ಎದುರಿಗೇ ಕೂತಿದ್ದಿರಂತೆ. ನೀವು ನಕ್ಕಿರಂತೆ. ಈ ಊರಿನಲ್ಲಿ ಹಾಗೇ ಮಾಡುತ್ತಾರೇನೋ ಅಂದುಕೊಂಡೆ ಅಂತಾಳೆ."

ಎಡೆ! ನಮ್ಮ ಮನೆಯಲ್ಲಿ ಮಾವ ತೀರಿಕೊಂಡಾಗ ಎಲೆಯ ಮೇಲೆ ಅನ್ನ ಬಡಿಸಿ ಮುಂದಿಟ್ಟವಳು ನಾನೇ. ಬಿಚ್ಚಿದ ಕೂದಲು, ಮುಟ್ಟದ ಅನ್ನ, ಎಲ್ಲ ನನ್ನ ಕಣ್ಣೆದುರಿಗೇ ಇತ್ತು. ಅದನ್ನು ತಿಳಿಯಲು ಯಾವ ಡಾಕ್ಟರೇಟು ಬೇಕಿತ್ತು? ಇಷ್ಟು ದಿನ ಗಂಡನ ಮೇಲೆ ಕಾರಿಕೊಂಡವಳೂ ನಾನೇ. ಹಾಡು ಫೋನಿನಲ್ಲಿದೆ ಎಂದು ನಾನೇ ಹೇಳಬೇಕಾಯಿತು. ಬಿರೇನ್ ಅದನ್ನು ತಾಯಿಗೆ ಹೇಳಿದ ಕೂಡಲೇ ಅಜ್ಜಿ ಗಾಬರಿಯಾಗಿ ಎದ್ದಳು. ಬದುಕಿರುವವನ ಸಾವಿನ ಹಾಡು ಎಲ್ಲೂ ಉಳಿಯಬಾರದಂತೆ. ಯಾರೂ ಹಿಡಿದಿಟ್ಟಿರದಂಥ ಹಾಡು ಅದು ಎಂದು ಹಿಂದಿನ ದಿನವಷ್ಟೇ ನಮ್ಮವರು ನನಗೆ ಹೇಳಿದ್ದರು. ಈಗ ಅವರೇ ಮೊದಲು ತಮ್ಮ ಫೋನು ತೆಗೆದು ಅಳಿಸಿದರು. "ನಿನ್ನದರಾಗಿಂದೂ ತಗಿ ಗಿರಿಜಾ" ಎಂದರು.

ನನ್ನ ಫೋನಿನಲ್ಲಿ ಹಾಡು ಹುಡುಕಿ ಅದರ ಮೇಲೆ ಬೆರಳು ಚಾಚಿದೆ. ಅಜ್ಜಿ ಅದನ್ನು ಹಿಡಿದುಕೊಂಡಳು, ನಾನು ಒತ್ತಿದೆ, ಹೋಯಿತು. ಅವಳು ನನ್ನ ಕೈಯಿಂದ ಫೋನು ತೆಗೆದುಕೊಂಡು, ತನ್ನ ಪಟ್ಟೆ ಬಟ್ಟೆಯ ಅಂಚಿನಿಂದ ಅದರ ಗಾಜನ್ನು ಚೆನ್ನಾಗಿ ಒರೆಸಿ, ವಾಪಸು ಕೊಟ್ಟಳು. ಅವಳ ಮುಖ ನೋಡಲು ನನ್ನಿಂದ ಆಗಲಿಲ್ಲ. ಮಂಚದ ಆ ತುದಿಗೆ ನೋಡಿದೆ. ಚಾದರದ ಹೊರಗೆ ಬಿರೇನನ ಕಾಲ್ಬೆರಳುಗಳು ಒಂದೊಂದಾಗಿ ಅಲುಗುತ್ತಿದ್ದವು.